ಕಡಲತೀರಕ್ಕೆ ಹೊರಟ ಬಸ್ಸಿಗೆ ಏನು ತುಂಬಬೇಕು, ಏನು ತುಂಬಬಾರದು

ಶಾಲಾ ಪ್ರವಾಸದ ಜೊತೆ ಹೋಗಿ ಅಡುಗೆ ಮಾಡಿ ಬಡಿಸುವುದು ನನ್ನ ಕಸುಬು. ನವೆಂಬರ್ ಬಂತೆಂದರೆ ದಾವಣಗೆರೆಯ ಮೇಷ್ಟ್ರುಗಳ ಫೋನ್ ಶುರುವಾಗುತ್ತದೆ. ಊರುಗಳ ಪಟ್ಟಿ ಹೆಚ್ಚು ಬದಲಾಗುವುದಿಲ್ಲ: ಜೋಗ, ಹೊನ್ನಾವರ, ಮುರುಡೇಶ್ವರ, ಗೋಕರ್ಣ. ಆಚೆ ದಡ ಕಾಣುವ ಸೂಳೆಕೆರೆಯನ್ನಷ್ಟೇ ನೋಡಿದ ಮಕ್ಕಳು ಆಚೆ ದಡವೇ ಇಲ್ಲದ ನೀರನ್ನು ಕಂಡು, ಬಸ್ ನಿಲ್ಲುವ ಮೊದಲೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಮರಳಿನ ಮೇಲೆ ಸಾಲು ನಿಲ್ಲಿಸಿ ‘ಪರಿಸರ ಉಳಿಸಿ’ ಎಂದು ಭಾಷಣ ಮಾಡುವ ಮೇಷ್ಟ್ರುಗಳಿದ್ದಾರೆ. ಒಂದು ಮಗುವೂ ಕೇಳಿಸಿಕೊಳ್ಳುವುದಿಲ್ಲ, ಕೇಳಿಸಿಕೊಂಡರೂ ತಡವಾಗಿರುತ್ತದೆ. ಮುರುಡೇಶ್ವರದ ಮರಳಿನ ಮೇಲೆ ಏನು ಬೀಳುತ್ತದೆ ಎನ್ನುವುದು ಹಿಂದಿನ ದಿನ ಮಂಡಿಪೇಟೆಯಲ್ಲಿ ನಾವು ಏನು ಕೊಂಡೆವು ಎನ್ನುವುದರಲ್ಲೇ ತೀರ್ಮಾನವಾಗಿರುತ್ತದೆ.

ಆದ್ದರಿಂದ ಇದು ಹೊರಡುವ ಮುನ್ನ ಓದಬೇಕಾದದ್ದು. ಪ್ರವಾಸದ ಹೊಣೆ ಹೊತ್ತ ಮೇಷ್ಟ್ರು, ಮೇಡಂಗಳಿಗೂ, ನಾಲ್ಕು ಮನೆಯವರು ಸೇರಿ ಟಿಟಿ ಮಾಡಿಕೊಂಡು ಹೋಗುವವರಿಗೂ ಇದೇ ಮಾತು.

ಅಡುಗೆಯವಳಿಗೆ ಆಮೆಯ ಉಸಾಬರಿ ಏಕೆ

ನಮ್ಮ ಪ್ರವಾಸದ ತಿಂಗಳುಗಳೇ ಕಡಲಾಮೆ ಮೊಟ್ಟೆ ಇಡುವ ತಿಂಗಳುಗಳು. ಆಲಿವ್ ರಿಡ್ಲೆ ಎಂಬ ಆಮೆ ಚಳಿಗಾಲದಲ್ಲಿ ಉತ್ತರ ಕನ್ನಡ, ಉಡುಪಿಯ ತೀರಗಳಿಗೆ ರಾತ್ರಿ ಹೊತ್ತು ಏರಿ ಬರುತ್ತದೆ. ಒಡಿಶಾದಲ್ಲಿ ಬರುವಂತೆ ಇಲ್ಲಿ ಲಕ್ಷಗಟ್ಟಲೆ ಬರುವುದಿಲ್ಲ, ಒಂದೊಂದಾಗಿ ಬರುತ್ತವೆ. ಅದಕ್ಕೇ ನಮ್ಮ ಕಡೆಯ ಪ್ರವಾಸಿಗರಿಗೆ ಅವು ಬರುವುದೇ ಗೊತ್ತಿಲ್ಲ. ಹಿಂಗಾಲುಗಳಿಂದ ಒಂದೂವರೆ ಅಡಿಯಷ್ಟು ಗುಂಡಿ ತೋಡಿ, ನೂರರ ಆಸುಪಾಸಿನಲ್ಲಿ ಮೊಟ್ಟೆ ಇಟ್ಟು, ಮರಳು ಎಳೆದು ಮುಚ್ಚಿ, ತಾಯಿ ಸಮುದ್ರಕ್ಕೆ ಹೋಗಿಬಿಡುತ್ತದೆ. ಮರಿ ಹೊರಗೆ ಬರಲು 45ರಿಂದ 60 ದಿನ ಬೇಕು. ಅಷ್ಟು ದಿನವೂ ಮರಳಿನ ಬಿಸಿಯೇ ಕಾವು. ಬಿಸಿ ಹೆಚ್ಚಾದರೆ ಹೆಣ್ಣು ಮರಿಗಳು ಹೆಚ್ಚು, ಕಡಿಮೆಯಾದರೆ ಗಂಡು ಹೆಚ್ಚು. ಹೊನ್ನಾವರದ ಕಾಸರಕೋಡಿನ ಕಡೆ ಮೀನುಗಾರರೂ ಅರಣ್ಯ ಇಲಾಖೆಯವರೂ ಗೂಡು ಕಂಡಲ್ಲಿ ಬಲೆ ಸುತ್ತಿ ಕಾಯುತ್ತಾರೆ. ಕಣ್ಣಿಗೆ ಬೀಳದ ಗೂಡಿಗೆ ಯಾವ ಕಾವಲೂ ಇಲ್ಲ.

ಇದರಲ್ಲಿ ಅಡುಗೆಯವಳ ಪಾಲು ಎಂದರೆ ಉಳಿದ ಅನ್ನ. ಊಟ ಮುಗಿದ ಮೇಲೆ ಮಿಕ್ಕ ಅನ್ನ, ಸಾಂಬಾರನ್ನು ಮರಳು ತೋಡಿ ಹೂತು, ಕಾಲಿನಿಂದ ಮುಚ್ಚಿ, ಜಾಗ ಸ್ವಚ್ಛವಾಯಿತು ಎಂದು ಕೈ ತೊಳೆಯುವ ಪದ್ಧತಿ ಬಹಳ ಜನ ಅಡುಗೆಯವರಲ್ಲಿದೆ. ಆ ವಾಸನೆಗೆ ನಾಯಿಗಳು ಬರುತ್ತವೆ, ಬೆಳಗ್ಗೆ ಕಾಗೆಗಳು ಬರುತ್ತವೆ. ಪ್ರವಾಸದ ತಿಂಗಳುಗಳಲ್ಲಿ ದಿನವೂ ಯಾವುದಾದರೂ ಬಸ್ಸಿನ ಅನ್ನ ಸಿಕ್ಕೇ ಸಿಗುವುದರಿಂದ ಅವು ಅಲ್ಲಿಯೇ ಬೀಡು ಬಿಡುತ್ತವೆ. ಹೂತ ಅನ್ನವನ್ನು ವಾಸನೆ ಹಿಡಿದು ಅಗೆಯಲು ಕಲಿತ ನಾಯಿಗೆ ಆಮೆಯ ಗೂಡು ಅಗೆಯಲು ಬೇರೆ ಪಾಠ ಬೇಡ. ಮರಿಗಳು ಹೊರಟ ದಿನ ಕಾಗೆಗಳೂ ಬಿಡುವುದಿಲ್ಲ.

ಅಕ್ಕಿಯ ಲೆಕ್ಕ

ಹಾಗಾಗಿ ಮೊದಲ ಕೆಲಸ, ಅನ್ನ ಉಳಿಯದಂತೆ ನೋಡಿಕೊಳ್ಳುವುದು. ಶಾಲೆಯ ಬಿಸಿಯೂಟದ ಲೆಕ್ಕದಲ್ಲಿ ಐದನೆಯ ತರಗತಿಯವರೆಗೆ ತಲೆಗೆ 100 ಗ್ರಾಂ, ಆರರಿಂದ ಎಂಟರವರೆಗೆ 150 ಗ್ರಾಂ ಧಾನ್ಯ. ಮೇಷ್ಟ್ರುಗಳು ಅದನ್ನೇ ಪಟ್ಟಿಯಲ್ಲಿ ಬರೆದು ಕಳುಹಿಸುತ್ತಾರೆ. ಅದು ಶಾಲೆಯ ಅಂಗಳಕ್ಕೆ ಸರಿ. ಜೋಗ ಬಿಟ್ಟು ಗೇರುಸೊಪ್ಪೆ ಘಾಟಿಯ ತಿರುವುಗಳನ್ನು ಇಳಿದು ಬಂದ ಮಕ್ಕಳ ಹೊಟ್ಟೆಗೆ ಆ ಲೆಕ್ಕ ಹಾಕಬೇಡಿ. ಘಾಟಿ ಇಳಿದ ಮೇಲಿನ ಮೊದಲ ಊಟಕ್ಕೆ ಮುಕ್ಕಾಲು ಪಾಲು ಸಾಕು. ನೀರಿನಲ್ಲಿ ಆಡಿ ಬಂದ ಸಂಜೆ ಅದೇ ಮಕ್ಕಳು ಒಂದೂವರೆ ಪಾಲು ಉಣ್ಣುತ್ತಾರೆ.

ಅನ್ನವನ್ನು ಒಂದೇ ಸಲಕ್ಕೆ ಇಡಬೇಡಿ. ಮೊದಲ ಕೊಳಗ ಇಳಿಸಿ ಬಡಿಸಲು ಕುಳಿತಾಗ ಎರಡನೆಯದರಲ್ಲಿ ಎಸರು ಕುದಿಯುತ್ತಿರಲಿ, ಅಕ್ಕಿ ತೊಳೆದು ನೆನೆದಿರಲಿ. ಮೊದಲ ಪಂಕ್ತಿಯಲ್ಲಿ ಎಷ್ಟು ಮಂದಿ ಎರಡನೆಯ ಸಲ ತಟ್ಟೆ ಒಡ್ಡಿದರು ಎಂದು ನೋಡಿ, ಆಮೇಲೆ ಅಕ್ಕಿ ಹಾಕಿ. ಬೇಡವೆನಿಸಿದರೆ ನೆನೆದ ಅಕ್ಕಿಯನ್ನು ಬಸಿದು ಬಟ್ಟೆಯ ಮೇಲೆ ಹರಡಿಡಿ, ರಾತ್ರಿಗೆ ಆಗುತ್ತದೆ. ಬೆಂದ ಅನ್ನಕ್ಕೆ ಆ ಅನುಕೂಲವಿಲ್ಲ. ಬಡಿಸುವ ಮೇಷ್ಟ್ರುಗಳಿಗೆ ಸಣ್ಣ ಸೌಟು ಕೊಡಿ. ದೊಡ್ಡ ಸೌಟು ಕೈಯಲ್ಲಿದ್ದರೆ ಧಾರಾಳ ತಾನಾಗಿಯೇ ಬರುತ್ತದೆ.

ಇಷ್ಟಾದರೂ ಸ್ವಲ್ಪ ಉಳಿಯುತ್ತದೆ. ಅದಕ್ಕೆ ಮುಚ್ಚಳ ಬಿಗಿಯಾಗಿ ಕೂರುವ ಒಂದು ಡ್ರಮ್ ಬಸ್ಸಿನಲ್ಲಿರಲಿ. ಉಳಿದುಕೊಂಡ ಛತ್ರದವರನ್ನೋ ಹತ್ತಿರದ ಅಂಗಡಿಯವರನ್ನೋ ಕೇಳಿದರೆ ದನ ಕಟ್ಟಿದ ಮನೆ ಯಾವುದು ಎಂದು ಹೇಳುತ್ತಾರೆ. ಹುಳಿಯಾಗುವ ಮೊದಲು ಅಲ್ಲಿಗೆ ಮುಟ್ಟಿಸಿ. ಸಾರು, ಸಾಂಬಾರಿನ ಕೆಳಗಿನ ಗಸಿಯೂ ಈ ಡ್ರಮ್ಮಿಗೇ. ಕರಿದ ಎಣ್ಣೆಯನ್ನು ಮಾತ್ರ ತಣಿಸಿ ಕ್ಯಾನಿಗೆ ಹಾಕಿ ಊರಿಗೆ ತನ್ನಿ. ಬಿಸಿ ಎಣ್ಣೆಯನ್ನು ಮರಳಿಗೆ ಸುರಿಯುವುದನ್ನು ನೋಡಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

‘ಬಾಳೆಹಣ್ಣಿನ ಸಿಪ್ಪೆ ಕೊಳೆಯುತ್ತದಲ್ಲ, ಅಕ್ಕಾ?’ ಎಂದು ಪ್ರತಿ ಪ್ರವಾಸದಲ್ಲೂ ಒಬ್ಬ ಜಾಣ ಹುಡುಗ ಕೇಳುತ್ತಾನೆ. ತಿಪ್ಪೆಯಲ್ಲಿ ಕೊಳೆಯುತ್ತದೆ. ಉಪ್ಪು ಗಾಳಿಯ ಒಣ ಮರಳಿನಲ್ಲಿ ಅದು ಕಪ್ಪಾಗಿ, ತೊಗಲಿನಂತೆ ಗಟ್ಟಿಯಾಗಿ ವಾರಗಟ್ಟಲೆ ಬಿದ್ದಿರುತ್ತದೆ, ಕಾಗೆಯನ್ನು ಕರೆಯುತ್ತಲೇ ಇರುತ್ತದೆ. ಕಿತ್ತಳೆ ಸಿಪ್ಪೆ, ಶೇಂಗಾ ಸಿಪ್ಪೆ, ಮೊಟ್ಟೆಯ ಓಡು, ಎಲ್ಲವೂ ಡ್ರಮ್ಮಿಗೆ.

ಪ್ಯಾಕೆಟ್ಟಿನ ಮೂಲೆ

ಪ್ಲಾಸ್ಟಿಕ್ ಎಂದೊಡನೆ ಎಲ್ಲರೂ ಬಾಟಲಿಯ ಮಾತನಾಡುತ್ತಾರೆ. ಬಾಟಲಿ ಕಣ್ಣಿಗೆ ಕಾಣುತ್ತದೆ, ಯಾರಾದರೂ ಹೆಕ್ಕುತ್ತಾರೆ. ನನ್ನ ತಕರಾರು ಪ್ಯಾಕೆಟ್ಟಿನ ಮೂಲೆಯದು. ಬಿಸ್ಕತ್ತು, ಶಾಂಪೂ, ಉಪ್ಪಿನಕಾಯಿ ಸ್ಯಾಚೆ, ಕುರುಕಲು, ಯಾವುದನ್ನೇ ಆಗಲಿ ಮಕ್ಕಳು ಹಲ್ಲಿನಿಂದ ಕಚ್ಚಿ ಹರಿಯುತ್ತಾರೆ. ಕಿರುಬೆರಳ ಉಗುರಿನಷ್ಟು ತುಂಡು ಉಗಿದಲ್ಲಿಯೇ ಬೀಳುತ್ತದೆ. ಪ್ಯಾಕೆಟ್ಟು ಕಸದ ಚೀಲಕ್ಕೆ ಹೋದರೂ ಮೂಲೆ ಹೋಗುವುದಿಲ್ಲ. ಮರಳಿನಲ್ಲಿ ಅದನ್ನು ಹುಡುಕಿ ಹೆಕ್ಕಲು ಯಾರಿಂದಲೂ ಸಾಧ್ಯವಿಲ್ಲ. ಅಲೆ ಎಳೆದುಕೊಂಡು ಹೋದ ಮೇಲೆ ಅದು ಆಹಾರವೋ ಅಲ್ಲವೋ ಎಂದು ಮೀನಿಗೂ ತಿಳಿಯುವುದಿಲ್ಲ, ಹಕ್ಕಿಗೂ ತಿಳಿಯುವುದಿಲ್ಲ.

ಇದಕ್ಕೆ ಉಪಾಯ ದಾವಣಗೆರೆಯಲ್ಲೇ ಇದೆ. ಬಿಸ್ಕತ್ತನ್ನು ಮನೆಯಲ್ಲೇ ಒಡೆದು ಸ್ಟೀಲ್ ಡಬ್ಬಿಗೆ ತುಂಬಿ. ಉಪ್ಪಿನಕಾಯಿ ಭರಣಿಯಲ್ಲಿ ಬರಲಿ. ಚಟ್ನಿಪುಡಿ, ಖಾರ, ಸಕ್ಕರೆ, ಚಹಾಪುಡಿಯನ್ನು ಸಗಟು ಅಂಗಡಿಯಲ್ಲಿ ತೂಕಕ್ಕೆ ಕೊಂಡು ಡಬ್ಬಿಗೆ ಹಾಕಿಸಿ. ಕುರುಕಲಿನ ಬದಲು ಚಕ್ಕುಲಿ, ಕೋಡುಬಳೆ, ಶೇಂಗಾ ಉಂಡೆ. ಮಕ್ಕಳು ಮುಖ ಸಿಂಡರಿಸುತ್ತಾರೆ, ಆಮೇಲೆ ಡಬ್ಬಿ ಬರಿದಾಗುತ್ತದೆ. ಹಾಲಿನ ಪ್ಯಾಕೆಟ್ಟನ್ನು ದಾರಿಯಲ್ಲಿ ಕೊಳ್ಳುವುದು ತಪ್ಪದು. ಅದರ ಮೂಲೆಯನ್ನು ಪೂರ್ತಿ ಕತ್ತರಿಸದೆ, ಒಂದು ಬದಿ ಅಂಟಿಕೊಂಡಿರುವಂತೆ ಸೀಳಿ.

ತಟ್ಟೆ, ಲೋಟದ ವಿಚಾರದಲ್ಲಿ ಮೋಸ ಹೋಗುವವರೇ ಹೆಚ್ಚು. ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚ, ಸ್ಟ್ರಾ ದೇಶದಲ್ಲೆಲ್ಲ 2022ರ ಜುಲೈ 1ರಿಂದ ನಿಷೇಧ. ಕರ್ನಾಟಕದಲ್ಲಂತೂ 2016ರಲ್ಲೇ ಆದೇಶ ಬಂದಿತ್ತು. ಅದಕ್ಕೆ ಈಗ ಅಂಗಡಿಯವರು ಮಿರಮಿರ ಮಿಂಚುವ ಕಾಗದದ ತಟ್ಟೆ ಕೊಡುತ್ತಾರೆ. ಆ ಮಿಂಚೇ ಪ್ಲಾಸ್ಟಿಕ್. ಕಾಗದದ ಚಹಾ ಲೋಟದ ಒಳಮೈಗೂ ಅದೇ ಲೇಪ. ಕಡ್ಡಿ ಚುಚ್ಚಿದ ಮುತ್ತುಗದ ಎಲೆಯಾದರೆ ಪರವಾಗಿಲ್ಲ, ಆದರೆ ಕಡಲ ಗಾಳಿಗೆ ಎಲೆ ಹಾರಿ ಸಾರಿನ ಸಮೇತ ಮೇಡಂ ಸೀರೆಯ ಮೇಲೆ ಬೀಳುತ್ತದೆ. ಪ್ರತಿ ಮಗುವೂ ಮನೆಯಿಂದ ಒಂದು ಸ್ಟೀಲ್ ತಟ್ಟೆ, ಒಂದು ಲೋಟ, ಒಂದು ನೀರಿನ ಬಾಟಲಿ ತರಲಿ, ಮೇಲೆ ಹೆಸರು ಕೊರೆಸಿರಲಿ. ನೀರಿಗೆ ನಲ್ಲಿ ಇರುವ 20 ಲೀಟರಿನ ಕ್ಯಾನುಗಳನ್ನು ಬಸ್ಸಿನ ಹಿಂಬದಿಯಲ್ಲಿ ಕಟ್ಟಿ.

ಮಂಡಕ್ಕಿ ಇಲ್ಲದ ದಾವಣಗೆರೆ ಪ್ರವಾಸ ಇಲ್ಲ, ಗೊತ್ತು. ಭಟ್ಟಿಯಿಂದ ಚೀಲದಲ್ಲೇ ತನ್ನಿ, ಒಗ್ಗರಣೆ ಹಾಕಿ, ಮಿರ್ಚಿಯನ್ನೂ ಕರಿಯಿರಿ. ಆದರೆ ತಾಳಗುಪ್ಪದಲ್ಲೋ ಜೋಗದಲ್ಲೋ ಮುಗಿಸಿಬಿಡಿ. ಮರಳಿನ ಮೇಲೆ ಮಂಡಕ್ಕಿ ಬೇಡವೇ ಬೇಡ. ಅರ್ಧ ಗಾಳಿಗೆ, ಇನ್ನರ್ಧವನ್ನು ಮಕ್ಕಳು ಕಾಗೆಗೆ ಎಸೆಯುತ್ತಾರೆ.

ಘಾಟಿಯಲ್ಲಿ ಕಿಟಕಿ

ಯಾರೂ ಬರೆಯದ ವಿಷಯವೊಂದಿದೆ: ವಾಂತಿ. ಘಾಟಿ ಶುರುವಾಗುವ ಮುನ್ನ ಮೇಷ್ಟ್ರುಗಳು ಕಪ್ಪು ಕವರ್ ಹಂಚುತ್ತಾರೆ. ತುಂಬಿದ ಕವರು ಕಿಟಕಿಯಿಂದ ನೇರ ಕಣಿವೆಗೆ. ಆ ಕಾಡು ಸಿಂಗಳೀಕಗಳ ಮನೆ, ಅವುಗಳ ಹೆಸರಿನಲ್ಲೇ ಅಭಯಾರಣ್ಯವಿದೆ. ಕೆಳಗೆ ಹರಿಯುವುದು ಶರಾವತಿ. ಮಳೆಗಾಲದಲ್ಲಿ ಇಳಿಜಾರಿನ ಕಸವೆಲ್ಲ ನದಿ ಹಿಡಿದು ಹೊನ್ನಾವರದ ಅಳಿವೆಗೆ ಹೋಗುತ್ತದೆ, ಅಲ್ಲಿಯ ಕಾಂಡ್ಲಾ ಗಿಡಗಳ ಬೇರಿಗೆ ಸಿಕ್ಕಿಕೊಳ್ಳುತ್ತದೆ. ನೀರೊಳಗಿಂದ ಮೇಲೆದ್ದ ಆ ಬೇರುಗಳ ಸಂದಿಯಲ್ಲೇ ಮೀನು, ಸಿಗಡಿ, ಏಡಿಗಳ ಮರಿಗಳು ಬೆಳೆಯುವುದು. ಕವರಿನ ಬದಲು ಮುಚ್ಚಳವಿರುವ ನಾಲ್ಕು ಸಣ್ಣ ಬಕೆಟ್ ಇಡಿ, ತಳದಲ್ಲಿ ಎರಡು ಹಿಡಿ ಮರದ ಹೊಟ್ಟು ಹಾಕಿ. ವಾಸನೆಯೂ ಬರುವುದಿಲ್ಲ. ಶೌಚಾಲಯ ಸಿಕ್ಕಲ್ಲಿ ತೊಳೆದುಕೊಂಡರೆ ಆಯಿತು.

ಒಲೆ ಎಲ್ಲಿ ಹೂಡಬೇಕು

ಮರಳಿನ ಮೇಲೆ ಬೇಡ, ಗಾಳಿಮರದ ತೋಪಿನಲ್ಲಿಯೂ ಬೇಡ. ತೋಪು ನೆರಳಾಗಿ, ಅನುಕೂಲವಾಗಿ ಕಾಣುತ್ತದೆ. ಕೆಳಗೆ ಗೇಣು ದಪ್ಪ ಬಿದ್ದಿರುವ ಒಣ ಕಡ್ಡಿಗೆ ಒಂದು ಕಿಡಿ ಸಾಕು. ಛತ್ರ, ಶಾಲೆಯ ಅಂಗಳ, ನಲ್ಲಿ ಮತ್ತು ಬಚ್ಚಲು ಇರುವ ಜಾಗದಲ್ಲೇ ಅಡುಗೆ. ಪಾತ್ರೆಯನ್ನು ಸಮುದ್ರದಲ್ಲಿ ತೊಳೆಯುವ ಆಸೆ ಎಲ್ಲ ಅಡುಗೆಯವರಿಗೂ ಇರುತ್ತದೆ, ಮರಳು ಉಜ್ಜಿದರೆ ಜಿಡ್ಡು ಹೋಗುತ್ತದೆ ಎಂದು. ಸೋಪಿನ ನೊರೆ, ಎಣ್ಣೆಯ ಪದರ ಅಲೆಯ ಅಂಚಿನಲ್ಲೇ ನಿಲ್ಲುತ್ತದೆ, ಸಣ್ಣ ಜೀವಗಳು ಇರುವುದೂ ಅಲ್ಲಿಯೇ. ನನ್ನ ಜೊತೆ ಬರುವವರು ಅದನ್ನು ಮಾಡಿದರೆ ಮುಂದಿನ ಪ್ರವಾಸಕ್ಕೆ ಬರುವುದಿಲ್ಲ.

ಮರಳಿಗೆ ಇಳಿದ ಮೇಲೆ

ಚಪ್ಪಲಿ ಬಸ್ಸಿನಲ್ಲೇ ಇರಲಿ. ಅಲೆ ಎಳೆದೊಯ್ದ ಒಂಟಿ ಚಪ್ಪಲಿಗಳು ತೀರದ ಉದ್ದಕ್ಕೂ ಬಿದ್ದಿರುತ್ತವೆ, ಅವುಗಳಲ್ಲಿ ಬಹಳಷ್ಟು ನಮ್ಮಂತಹ ಬಸ್ಸುಗಳಿಂದ ಇಳಿದವು.

ರಸ್ತೆಯ ಬದಿಯಲ್ಲಿ, ಅಲೆ ಮುಟ್ಟದ ಎತ್ತರದಲ್ಲಿ, ನೇರಳೆ ಬಣ್ಣದ ಹೂ ಬಿಟ್ಟು ಹಬ್ಬಿರುವ ಬಳ್ಳಿಯನ್ನು ಮಕ್ಕಳಿಗೆ ತೋರಿಸಿ. ಎಲೆಯ ತುದಿ ಎರಡಾಗಿ ಸೀಳಿರುತ್ತದೆ. ಮರಳ ದಿಬ್ಬವನ್ನು ಗಾಳಿಗೆ ಹಾರದಂತೆ ಹಿಡಿದಿರುವುದು ಆ ಬಳ್ಳಿಯೇ. ಅದನ್ನು ಹಗ್ಗದಂತೆ ಎಳೆದು ಆಡುವುದು, ದಿಬ್ಬದ ಮೇಲಿಂದ ಜಾರುವುದು ಬೇಡ. ಅಲ್ಲಲ್ಲಿ ಕಾಲುದಾರಿ ಇದ್ದೇ ಇರುತ್ತದೆ, ಅದರಲ್ಲೇ ಇಳಿಯಿರಿ. ಆಮೆ ಮೊಟ್ಟೆ ಇಡುವುದೂ ಅಲೆ ಮುಟ್ಟದ ಈ ಒಣ ಪಟ್ಟಿಯಲ್ಲೇ. ಮಕ್ಕಳ ಓಟ, ಆಟ ಕೆಳಗಿನ ಒದ್ದೆ ಮರಳಿನಲ್ಲಿರಲಿ. ಬಸ್ಸೋ ಜೀಪೋ ಮರಳಿಗೆ ಇಳಿಯಲೇಬಾರದು. ಚಕ್ರದ ಗೆರೆ ನಮಗೆ ಗೆರೆ ಅಷ್ಟೇ. ಅಂಗೈಗಿಂತ ಚಿಕ್ಕದಾದ ಮರಿಗೆ ಹತ್ತಲಾಗದ ಕಂದಕ ಅದು.

ಒದ್ದೆ ಮರಳಿನಲ್ಲಿಯೂ ನೋಡುವುದಕ್ಕಿದೆ. ಇಳಿತದ ಹೊತ್ತು ಮಕ್ಕಳನ್ನು ಕುಕ್ಕರುಗಾಲಿನಲ್ಲಿ ಕೂರಿಸಿ ಮಾತು ನಿಲ್ಲಿಸಿ. ಸಣ್ಣ ಬಿಲದಿಂದ ಉಗುರಿನಷ್ಟು ಏಡಿ ಹೊರಗೆ ಬರುತ್ತದೆ. ಮರಳನ್ನು ಬಾಯಿಗೆ ಹಾಕಿಕೊಂಡು, ಅದರಲ್ಲಿರುವ ತಿನ್ನುವ ಅಂಶವನ್ನು ಸೋಸಿಕೊಂಡು, ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಬಿಲದ ಸುತ್ತ ಬೂಂದಿ ಕಾಳು ಚೆಲ್ಲಿದ ಹಾಗೆ ಉಂಡೆಗಳು ಗೆರೆ ಗೆರೆಯಾಗಿ ಹರಡಿಕೊಳ್ಳುತ್ತವೆ. ಹತ್ತು ನಿಮಿಷ ಇದನ್ನು ನೋಡಿದ ಹುಡುಗ ಆಮೇಲೆ ಬಿಲಕ್ಕೆ ಕಡ್ಡಿ ಹಾಕುವುದಿಲ್ಲ. ಹಾಕುವವನನ್ನು ತಾನೇ ಬೈಯುತ್ತಾನೆ. ಭಾಷಣಕ್ಕಿಂತ ಇದು ಅಗ್ಗ.

ಗುಂಪಾಗಿ ಕುಳಿತ ಹಕ್ಕಿಗಳ ಕಡೆಗೆ ಓಡಿ ಎಬ್ಬಿಸುವುದು ಮಕ್ಕಳಿಗೆ ಖುಷಿ. ಚಳಿಗಾಲದಲ್ಲಿ ಅಲ್ಲಿರುವ ಕಡಲಕ್ಕಿಗಳಲ್ಲಿ ಹಲವು ಬಹುದೂರದ ಉತ್ತರದಿಂದ ಹಾರಿ ಬಂದವು, ಬೇಸಗೆಗೆ ಮತ್ತೆ ಅಷ್ಟೇ ದೂರ ಹಾರಬೇಕು. ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹೊತ್ತಿನಲ್ಲಿ ದಿನಕ್ಕೆ ಹತ್ತು ಬಸ್ಸಿನ ಮಕ್ಕಳು ಎಬ್ಬಿಸಿದರೆ ಅವಕ್ಕೆ ಅದು ಆಟವಲ್ಲ. ದೂರದಿಂದ ಸುತ್ತಿ ಹೋಗಿ.

ಚಿಪ್ಪು, ಶಂಖ. ಬರಿದಾದ ಚಿಪ್ಪಿನೊಳಗೆ ಸನ್ಯಾಸಿ ಏಡಿ ಸಂಸಾರ ಹೂಡುತ್ತದೆ, ಹಾಗಾಗಿ ನೋಡಿ ಅಲ್ಲೇ ಇಡಿ. ಅಂಗಡಿಯಲ್ಲಿ ಮಾರುವ ದೊಡ್ಡ ಹೊಳಪಿನ ಶಂಖಗಳಲ್ಲಿ ಬಹಳಷ್ಟು ಜೀವ ಇರುವಾಗಲೇ ಹಿಡಿದವು. ಕೆಲವು ಜಾತಿಯ ಶಂಖ, ಹವಳ, ಸಮುದ್ರಕುದುರೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಯಾವುದು ಅಂಥದ್ದು ಎಂದು ಅಂಗಡಿಯ ಮುಂದೆ ನಿಂತು ಪತ್ತೆ ಮಾಡಲಾಗದು, ಕೊಳ್ಳದಿರುವುದೇ ಕ್ಷೇಮ.

ತೀರ ಸ್ವಚ್ಛ ಮಾಡಿಸುವ ಮನಸ್ಸಿದ್ದರೆ ಮಾಡಿಸಿ, ಆದರೆ ಮನುಷ್ಯ ಮಾಡಿದ ವಸ್ತುವನ್ನಷ್ಟೇ ಹೆಕ್ಕಲಿ. ಅಲೆ ತಂದ ಪಾಚಿ, ಮರದ ತುಂಡು ಕಸವಲ್ಲ, ಅದರಡಿಯಲ್ಲಿ ಏಡಿ, ಹುಳುಗಳಿವೆ. ಕೈಗವಸು ಬೇಕು. ಮರಳಿನಲ್ಲಿ ಹೂತ ಬಲೆಯನ್ನು ಜಗ್ಗಬೇಡಿ, ಮೀನುಗಾರರನ್ನು ಕರೆಯಿರಿ. ಕಾಸರಕೋಡು ಮತ್ತು ಪಡುಬಿದ್ರಿಯ ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಶುಚಿಯಾದ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಆಯ್ಕೆ ನಿಮ್ಮದಾಗಿದ್ದರೆ ಮೊದಲು ಕಾಸರಕೋಡನ್ನು ತೋರಿಸಿ. ಶುಚಿಯಾದ ತೀರ ಹೇಗಿರುತ್ತದೆ ಎಂದು ಕಂಡ ಮಕ್ಕಳು ಮುಂದಿನ ತೀರದಲ್ಲಿ ತಾವೇ ಹೋಲಿಸುತ್ತಾರೆ.

ಕತ್ತಲಾದ ಮೇಲೆ

ಮಕ್ಕಳನ್ನು ಕತ್ತಲಲ್ಲಿ ನೀರಿನ ಬಳಿಗೆ ಬಿಡುವುದೇ ತಪ್ಪು, ಆದ್ದರಿಂದ ಇದು ದೊಡ್ಡವರಿಗೆ. ಮರಳಿನಿಂದ ಹೊರಬಂದ ಆಮೆ ಮರಿ ಬೆಳಕು ಹೆಚ್ಚಿರುವ ಕಡೆಗೆ ಹೊರಡುತ್ತದೆ. ಕತ್ತಲ ತೀರದಲ್ಲಿ ಅದು ಸಮುದ್ರದ ಮೇಲಿನ ಬೆಳಕು. ರಸ್ತೆಯ ಬದಿ ಬಸ್ಸಿನ ಹೆಡ್‌ಲೈಟ್, ಡಿಜೆ ದೀಪ, ಶಿಬಿರದ ಬೆಂಕಿ ಇದ್ದರೆ ಮರಿ ಆ ಕಡೆ ಬರುತ್ತದೆ, ಬೆಳಗಾಗುವಷ್ಟರಲ್ಲಿ ಒಣಗಿ ಸಾಯುತ್ತದೆ ಅಥವಾ ಕಾಗೆಯ ಪಾಲಾಗುತ್ತದೆ. ಬಸ್ಸನ್ನು ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಿಸಿ, ದೀಪ ಆರಿಸಿ.

ಆಮೆ ಕಂಡರೆ ಹತ್ತು ಹೆಜ್ಜೆ ದೂರ ಕುಳಿತುಕೊಳ್ಳಿ. ಟಾರ್ಚ್ ಬೇಡ, ಫ್ಲ್ಯಾಷ್ ಬೇಡ. ಮೊಟ್ಟೆ ಇಡುವ ಮೊದಲೇ ಬೆದರಿದರೆ ಅದು ಹಾಗೆಯೇ ತಿರುಗಿ ಹೋಗುತ್ತದೆ. ಮರಿಗಳನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ನೀರಿಗೆ ಬಿಡುವ ಪುಣ್ಯಕಾರ್ಯವೂ ಬೇಡ. ಅವು ನಡೆದೇ ಹೋಗಬೇಕು, ನೀವು ನಾಯಿಯನ್ನು ಓಡಿಸಿದರೆ ಸಾಕು. ಬಲೆಗೆ ಸಿಕ್ಕ ಅಥವಾ ಗಾಯವಾದ ದೊಡ್ಡ ಆಮೆಯನ್ನು ಸಮುದ್ರಕ್ಕೆ ದಬ್ಬಬೇಡಿ. ನೆರಳು ಮಾಡಿ, ಮೂಗಿನ ಹೊಳ್ಳೆ ಬಿಟ್ಟು ಬೆನ್ನಿನ ಮೇಲೆ ಒದ್ದೆ ಬಟ್ಟೆ ಹಾಕಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಯಾರಾದರೂ ಮೊಟ್ಟೆ ಅಗೆಯುತ್ತಿದ್ದರೂ ಅದೇ ಸಂಖ್ಯೆ, ಜಗಳಕ್ಕೆ ಬಂದರೆ 112. ಈ ಆಮೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಎಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿದೆ. ಶಿಕ್ಷೆ ಮೂರರಿಂದ ಏಳು ವರ್ಷದವರೆಗೆ ಜೈಲು.

ಊರಿಗೆ ಬಂದ ಮೇಲೆ

ಒಣ ಕಸದ ಚೀಲ ನಮ್ಮ ಬಸ್ಸಿನಲ್ಲೇ ದಾವಣಗೆರೆಗೆ ಬರಬೇಕು. ತೀರದ ತೊಟ್ಟಿಗೇ ಹಾಕಿ ಬಂದರಾಗದೇ ಎಂದರೆ, ಭಾನುವಾರ ಸಂಜೆ ಮುರುಡೇಶ್ವರದ ತೊಟ್ಟಿಗಳನ್ನು ಒಮ್ಮೆ ನೋಡಿ ಬನ್ನಿ. ತುಂಬಿ ಚೆಲ್ಲಿದ್ದನ್ನು ಗಾಳಿ ನೇರ ನೀರಿಗೆ ಒಯ್ಯುತ್ತದೆ. ಇಲ್ಲಿ ಪಾಲಿಕೆಯ ಗಾಡಿ ಬಂದಾಗ ಒಣಕಸ ಎಂದು ಬೇರೆ ಮಾಡಿ ಕೊಡಿ. ಚರಂಡಿಗೆ ಮಾತ್ರ ಬೀಳದಿರಲಿ. ನಾವು ಪ್ರವಾಸಕ್ಕೆ ಪಶ್ಚಿಮಕ್ಕೆ ಹೋಗುತ್ತೇವೆ, ನಮ್ಮ ಊರಿನ ನೀರು ಪೂರ್ವಕ್ಕೆ ಹೋಗುತ್ತದೆ: ಹಳ್ಳ ಹಿಡಿದು ತುಂಗಭದ್ರೆ, ಅಲ್ಲಿಂದ ಕೃಷ್ಣೆ, ಕೊನೆಗೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳಕೊಲ್ಲಿ. ನಡುವೆ ಹೊಸಪೇಟೆ, ಶ್ರೀಶೈಲ, ನಾಗಾರ್ಜುನಸಾಗರದ ಅಣೆಕಟ್ಟುಗಳಿವೆ, ದೊಡ್ಡ ಕಸ ಅಲ್ಲಿ ತಡೆಯಬಹುದು; ಪುಡಿಯಾದದ್ದು ನೀರಿನ ಜೊತೆ ಸಾಗುತ್ತದೆ. ಆ ಕೃಷ್ಣಾ ತೀರದ ಮರಳಿನಲ್ಲಿಯೂ ಇದೇ ಆಲಿವ್ ರಿಡ್ಲೆ ಮೊಟ್ಟೆ ಇಡುತ್ತದೆ. ಪ್ರವಾಸಕ್ಕೇ ಹೋಗದ ಮನೆಯ ಕವರೂ ಒಂದು ಕಡಲಿನ ದಾರಿಯಲ್ಲೇ ಇದೆ.

ಇನ್ನು ಹಣದ ಮಾತು. ತಟ್ಟೆ ತೊಳೆಯಲು, ಡ್ರಮ್ಮು ಎತ್ತಲು ಒಬ್ಬರು ಹೆಚ್ಚಿಗೆ ಬೇಕು, ಅವರ ಕೂಲಿ ಬೀಳುತ್ತದೆ. ಕಾಗದದ ತಟ್ಟೆ, ಲೋಟ, ಪ್ಯಾಕೆಟ್ ನೀರಿನ ಖರ್ಚು ಉಳಿಯುತ್ತದೆ, ಎರಡು ದಿನದ ಪ್ರವಾಸದಲ್ಲಿ ಎರಡೂ ಹತ್ತಿರ ಹತ್ತಿರ ಸರಿಹೋಗುತ್ತದೆ. ನಾನು ಕೊಡುವ ದರಪಟ್ಟಿಯಲ್ಲಿ ಆ ಕೂಲಿಗೆ ಒಂದು ಸಾಲು ಬರೆದಿರುತ್ತೇನೆ. ಅದನ್ನು ಹೊಡೆದುಹಾಕಿ ಎನ್ನುವ ಶಾಲೆಗೆ ಬೇರೆ ಅಡುಗೆಯವರ ನಂಬರ್ ಕೊಡುತ್ತೇನೆ.